ಕಿವಿಯಿಂದ ವೇಗಸ್ ನರವನ್ನು ಮುಟ್ಟುವುದು: ತಲೆನೋವಿಗೆ ಹಂತ ಹಂತದ ಮಾರ್ಗದರ್ಶಿ

ಕುಮಟಾದ ನನ್ನ ಫಿಸಿಯೊಥೆರಪಿ ಕೋಣೆಗೆ ಬರುವವರು ಈಗೀಗ ಒಂದೇ ದೂರು ಹೇಳುತ್ತಾರೆ. "ಕಿವಿಗೆ ಕ್ಲಿಪ್ ಹಾಕಿ ಕರೆಂಟ್ ಕೊಟ್ಟೆ. ಹದಿನೈದು ದಿನ ಆಯ್ತು. ತಲೆನೋವು ಇದ್ದಲ್ಲೇ ಇದೆ." ಕ್ಲಿಪ್ ಎಲ್ಲಿ ಹಾಕಿದ್ರಿ ಅಂತ ಕೇಳಿದರೆ ಹೆಚ್ಚಿನವರ ಬೆರಳು ಓಲೆ ಹಾಕುವ ಜಾಗಕ್ಕೆ ಹೋಗುತ್ತದೆ. ಅಲ್ಲಿ ವೇಗಸ್ ನರ ಇಲ್ಲವೇ ಇಲ್ಲ. ಹಾಗಾದರೆ ಹದಿನೈದು ದಿನ ಮಾಡಿದ್ದು ಏನು? ಸುಮ್ನೆ ಚರ್ಮಕ್ಕೆ ಚುರುಗುಟ್ಟಿಸಿದ್ದು, ಅಷ್ಟೇ.

ವೇಗಸ್ ಅಂದರೆ ಮಿದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಹೊಟ್ಟೆಯವರೆಗೆ ಇಳಿಯುವ ಉದ್ದದ ನರ. ಅದರ ಒಂದು ಸಣ್ಣ ಕವಲು ಮಾತ್ರ ಕಿವಿಯ ಚರ್ಮಕ್ಕೆ ಬರುತ್ತದೆ. ಕಿವಿಗೆ ಬಡ್ ಹಾಕಿದಾಗ ಕೆಲವರಿಗೆ ಕೆಮ್ಮು ಬರುವುದು ಈ ಕವಲಿನಿಂದಲೇ. ಇಲ್ಲಿ ಕೊಟ್ಟ ಸಣ್ಣ ಕರೆಂಟಿನ ಸುದ್ದಿ ಮಿದುಳಿನ ಬುಡಕ್ಕೆ ಹೋಗುತ್ತದೆ. ಮುಖ ಮತ್ತು ತಲೆಯ ನೋವಿನ ಸುದ್ದಿ ಬಂದು ಸೇರುವುದೂ ಅದೇ ಬುಡಕ್ಕೆ. ಆಧಾರ ಇಷ್ಟೇ. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಂತ 9ರ ಕ್ಯಾಲೆಂಡರ್ ಲೆಕ್ಕ ಮಾತ್ರ ಕ್ಲಿಪ್ ಹಾಕುವ ಮೊದಲೇ ಶುರುವಾಗಬೇಕು. ಮೊದಲ ಎರಡನ್ನು ಹಾರಿಸಿ ಮೂರಕ್ಕೆ ಓಡುವವರೇ ಜಾಸ್ತಿ, ಸೋಲುವವರೂ ಅವರೇ.

## ಹಂತ 1: ತಲೆನೋವು ಯಾವುದು ಅಂತ ಮೊದಲು ಗೊತ್ತಾಗಲಿ

ಕಿವಿಯ ಈ ವಿಧಾನವನ್ನು ಹೆಚ್ಚಾಗಿ ಪರೀಕ್ಷಿಸಿರುವುದು ಮೈಗ್ರೇನ್‌ಗೆ, ಅಂದರೆ ಅರೆತಲೆನೋವಿಗೆ. ಸೈನಸ್, ಕನ್ನಡಕದ ನಂಬರ್, ಏರಿದ ಬಿಪಿ, ಹಲ್ಲು ಇವುಗಳಿಂದ ಬರುವ ತಲೆನೋವಿಗೆ ಕ್ಲಿಪ್ ಹಾಕಿ ಕೂತರೆ ಕಾಯಿಲೆ ಒಳಗೇ ಬೆಳೆಯುತ್ತದೆ. ಆದ್ದರಿಂದ ಒಮ್ಮೆ ಡಾಕ್ಟರಿಗೆ ತೋರಿಸಿ, ಯಾವ ತಲೆನೋವು ಅಂತ ಹೆಸರು ಕೇಳಿಕೊಂಡು ಬನ್ನಿ. ನರರೋಗ ತಜ್ಞರನ್ನೇ ನೋಡಲು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾಗಬಹುದು. ಮೊದಲ ಪರೀಕ್ಷೆಗೆ ಊರಿನ ಎಂಬಿಬಿಎಸ್ ಡಾಕ್ಟರ್ ಸಾಕು.

ಈ ಕೆಳಗಿನ ಯಾವುದಾದರೂ ಇದ್ದರೆ ಯಂತ್ರವನ್ನು ಮುಟ್ಟಲೂ ಬೇಡಿ, ನೇರ ಆಸ್ಪತ್ರೆಗೆ ಹೋಗಿ:

- ಸಿಡಿಲು ಹೊಡೆದ ಹಾಗೆ ಒಂದೇ ನಿಮಿಷದೊಳಗೆ ಏರಿದ ತಲೆನೋವು
- ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಎರಡೆರಡು ಕಾಣುವುದು
- ಜ್ವರದ ಜೊತೆ ಕುತ್ತಿಗೆ ಬಿಗಿತ
- ತಲೆಗೆ ಪೆಟ್ಟು ಬಿದ್ದ ನಂತರದ ನೋವು
- 50 ವರ್ಷ ದಾಟಿದ ಮೇಲೆ ಮೊದಲ ಸಲ ಶುರುವಾದ ನೋವು, ಅಥವಾ ಬಸುರಿಯಲ್ಲಿ ಬಂದ ಹೊಸ ತಲೆನೋವು

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಡಿಸೆಂಬರ್‌ನಿಂದ ಮೇ ಒಳಗೆ, ಕಾಡಿಗೋ ಬೆಟ್ಟಕ್ಕೋ ಸೊಪ್ಪು, ದರಕು ತರಲು ಹೋಗಿ ಬಂದವರಿಗೆ ಇದ್ದಕ್ಕಿದ್ದ ಹಾಗೆ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಮಂಗನ ಕಾಯಿಲೆಯ ನೆನಪಿರಲಿ. ಸಿದ್ದಾಪುರ, ಹೊನ್ನಾವರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಣುಗಿನಿಂದ ಬರುವ ಆ ಜ್ವರಕ್ಕೆ ರಕ್ತ ಪರೀಕ್ಷೆ ಆಗಬೇಕು. ಮಳೆಗಾಲವಾದರೆ ಇಲಿಜ್ವರ, ಡೆಂಗೆ. ಜ್ವರ ಇದ್ದ ತಲೆನೋವಿಗೆ ಕಿವಿಯ ಕ್ಲಿಪ್ ಉತ್ತರವಲ್ಲ.

ಮಾತ್ರೆಯ ಲೆಕ್ಕವನ್ನೂ ಇಲ್ಲೇ ಮುಗಿಸಿ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್‌ಗೆಂದೇ ಇರುವ ಮಾತ್ರೆ) ಅಥವಾ ಎರಡು ಮೂರು ಔಷಧ ಸೇರಿಸಿದ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳು ಮೀರಿ ನುಂಗುತ್ತಾ ಬಂದರೆ ಮಾತ್ರೆಯೇ ತಲೆನೋವು ತರುತ್ತದೆ. ಆ ಮಾತ್ರೆ ಬಿಡಿಸದ ಹೊರತು ಕಿವಿಯಿಂದ ಏನು ಕೊಟ್ಟರೂ ನೀರಲ್ಲಿ ಹೋಮ ಮಾಡಿದ ಹಾಗೆ. ಬಿಡುವುದನ್ನೂ ಡಾಕ್ಟರನ್ನು ಕೇಳಿಯೇ ಬಿಡಿ.

## ಹಂತ 2: ನಿಮಗೆ ಇದು ಬೇಡವೇ ಎಂದು ನೋಡಿ

ಪೇಸ್‌ಮೇಕರ್ ಅಥವಾ ದೇಹದೊಳಗೆ ಬೇರೆ ವಿದ್ಯುತ್ ಸಾಧನ ಇದ್ದವರು, ಕಿವಿ ಕೇಳಲೆಂದು ಒಳಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರು, ಹೃದಯದ ಬಡಿತ ತಪ್ಪುವವರು, ಈಚೆಗೆ ಹೃದಯಾಘಾತ ಆದವರು, ಬಸುರಿಯರು ಮನೆಯಲ್ಲಿ ಇದನ್ನು ಮಾಡಲೇಬಾರದು. ಫಿಟ್ಸ್ ಇದ್ದವರು, ಪದೇ ಪದೇ ತಲೆ ತಿರುಗಿ ಬೀಳುವವರು ತಜ್ಞರ ಕಣ್ಣೆದುರಿಗೇ ಮಾಡಬೇಕು. ಕಿವಿಯಲ್ಲಿ ಗಾಯ, ಕಜ್ಜಿ, ಸೋರುವಿಕೆ ಇದ್ದರೆ ಅದು ಮಾಯುವವರೆಗೆ ಕಾಯಿರಿ.

ಈಗ ನಾಡಿ ಎಣಿಸಿ. ಐದು ನಿಮಿಷ ಸುಮ್ಮನೆ ಕೂತು, ಮಣಿಕಟ್ಟಿನಲ್ಲಿ ಪೂರ್ತಿ ಒಂದು ನಿಮಿಷ. 50ಕ್ಕಿಂತ ಕಡಿಮೆ ಬಂದರೆ ಡಾಕ್ಟರನ್ನು ಕೇಳದೆ ಮುಂದೆ ಹೋಗಬೇಡಿ. ಮೈಗ್ರೇನ್ ತಡೆಯಲು ಕೊಡುವ ಪ್ರೊಪ್ರನೊಲಾಲ್ ಮಾತ್ರೆಯೂ ನಾಡಿಯನ್ನು ನಿಧಾನ ಮಾಡುತ್ತದೆ. ವೇಗಸ್ ನರದ ಕೆಲಸವೂ ಅದೇ. ಎರಡೂ ಸೇರುತ್ತಿವೆ ಅಂತ ಡಾಕ್ಟರಿಗೆ ಗೊತ್ತಿರಬೇಕು, ಅಲ್ವಾ?

## ಹಂತ 3: ಸಾಮಾನು ಜೋಡಿಸಿ

ಕಿವಿಗೆಂದೇ ಮಾಡಿದ ವೇಗಸ್ ಯಂತ್ರ ಸಿಕ್ಕರೆ ಒಳ್ಳೆಯದು. ಸಿಗದವರು ಟೆನ್ಸ್ ಯಂತ್ರ (ನೋವಿಗೆ ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುವ ಯಂತ್ರ) ಮತ್ತು ಕಿವಿ ಕ್ಲಿಪ್ ತರಿಸಿಕೊಳ್ಳುತ್ತಾರೆ. ಟೆನ್ಸ್ ಮಾಡಿದ್ದು ಸೊಂಟಕ್ಕೆ, ಮಂಡಿಗೆ. ತಲೆಯ ಮೇಲೆ ಬಳಸಬೇಡಿ ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತದೆ. ಹಾಗಾಗಿ ಟೆನ್ಸ್ ಹಾಕುವುದಿದ್ದರೆ ಡಾಕ್ಟರ್ ಒಪ್ಪಿಗೆ ಬೇಕು. ಮೊದಲ ಸಲ ಫಿಸಿಯೊಥೆರಪಿಸ್ಟ್ ಎದುರಿಗೇ ಹಾಕಿ. ಇದು ನನ್ನ ಅಂಗಡಿ ನಡೆಯಲಿ ಅಂತ ಹೇಳಿದ ಮಾತಲ್ಲ. ಹಂತ 7 ಓದಿದರೆ ಕಾರಣ ತಿಳಿಯುತ್ತದೆ.

ಯಂತ್ರದಲ್ಲಿ ನೋಡಬೇಕಾದದ್ದು:

- ಹರ್ಟ್ಸ್ (ಸೆಕೆಂಡಿಗೆ ಎಷ್ಟು ತಟ್ಟು) ಮತ್ತು ಮೈಕ್ರೊಸೆಕೆಂಡ್ (ಒಂದು ತಟ್ಟು ಎಷ್ಟು ಹೊತ್ತು) ಎರಡನ್ನೂ ಕೈಯಾರೆ ಬದಲಿಸಲು ಬರಬೇಕು. "ಪ್ರೋಗ್ರಾಂ 1, 2, 3" ಅಂತಷ್ಟೇ ತೋರಿಸುವುದು ಬೇಡ.
- ಕರೆಂಟ್ ಸಣ್ಣ ಸಣ್ಣ ಮೆಟ್ಟಿಲಲ್ಲಿ ಏರಬೇಕು. ಕಿವಿಗೆ ಬೇಕಾಗುವುದು ಕೆಲವೇ ಮಿಲಿಆಂಪಿಯರ್. ಸೊಂಟದ ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಜಿಗಿಯುವುದೇ ಅಷ್ಟು ಇರಬಹುದು.
- ಬ್ಯಾಟರಿಯಲ್ಲಿ ನಡೆಯಬೇಕು. ಚಾರ್ಜಿಗೆ ಹಾಕಿಕೊಂಡೇ ಕಿವಿಗೆ ಕಟ್ಟಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುವ ಆಟ ಎಲ್ಲರಿಗೂ ಗೊತ್ತು.
- ಇಎಂಎಸ್ ಅಂತ ಬರೆದದ್ದು ಸ್ನಾಯು ಕುಣಿಸುವ ಯಂತ್ರ. ಅದು ಬೇಡ.

ಇದರ ಜೊತೆ ಎಲೆಕ್ಟ್ರೋಡಿಗೆ (ಚರ್ಮಕ್ಕೆ ತಾಗುವ ಕ್ಲಿಪ್ಪಿನ ತುದಿಗೆ) ಹಚ್ಚುವ ಜೆಲ್, ಹತ್ತಿ, ಸಾಬೂನು ನೀರು, ಸಣ್ಣ ಕನ್ನಡಿ, ಒಂದು ಪೆನ್ನು ಮತ್ತು ಗೋಡೆಗೆ ತೂಗಿದ ಕ್ಯಾಲೆಂಡರ್.

## ಹಂತ 4: ಸರಿಯಾದ ಜಾಗ ಹುಡುಕಿ

ಎಲ್ಲ ನಿಂತಿರುವುದು ಇಲ್ಲೇ. ನಿಧಾನ ಓದಿ. ಓದುತ್ತಾ ನಿಮ್ಮ ಎಡಗಿವಿಯನ್ನೇ ಮುಟ್ಟಿ ನೋಡಿ.

ಕಿವಿಯ ಹೊರ ಅಂಚಿನ ಮೇಲೆ ಬೆರಳಿಟ್ಟು ಮೇಲಿನಿಂದ ಮುಂದಕ್ಕೆ, ಕೆನ್ನೆಯ ಕಡೆಗೆ ತನ್ನಿ. ಆ ಅಂಚು ತಿರುಗಿ ಕಿವಿಯ ಒಳಗೆ ನುಗ್ಗುತ್ತದೆ. ಗದ್ದೆಯ ಹಾಳಿಯ ಹಾಗೆ ಒಂದು ಸಣ್ಣ ಏರಿ ಆಗಿ, ಕಿವಿಯ ಬಟ್ಟಲಿನ ನಡುವೆ ಮುಗಿಯುತ್ತದೆ. ಈ ಏರಿಯೇ ಗುರುತು. ಏರಿಯ ಕೆಳಗಿನ ದೊಡ್ಡ ಗುಳಿಯಲ್ಲಿ ಕಿವಿಯ ತೂತು ಇದೆ. ಮೇಲೆ ಇನ್ನೊಂದು ಸಣ್ಣ, ಉದ್ದನೆಯ ಗುಳಿ ಇದೆ. ಕಿರುಬೆರಳ ತುದಿ ಕಷ್ಟಪಟ್ಟು ಕೂರುವಷ್ಟು. ಅದರ ಹೆಸರು ಸಿಂಬಾ ಕೊಂಕ. ಕಿವಿಯನ್ನು ಕತ್ತರಿಸಿ ನರಗಳನ್ನು ಗುರುತಿಸಿದ ಅಧ್ಯಯನದಲ್ಲಿ ಪೂರ್ತಿಯಾಗಿ ವೇಗಸ್ ಕವಲಿನ ಪಾಲಿಗೇ ಸೇರಿದ್ದು ಈ ಸಣ್ಣ ಗುಳಿ ಒಂದೇ.

ಎರಡನೆಯ ಜಾಗ, ತೂತಿನ ಮುಂದೆ ಬಾಗಿಲ ಹಾಗೆ ನಿಂತ ಸಣ್ಣ ಗುಬುಟು. ಜೋರು ಶಬ್ದ ಬಂದರೆ ಒತ್ತಿ ಕಿವಿ ಮುಚ್ಚಿಕೊಳ್ಳುತ್ತೇವಲ್ಲ, ಅದು. ಟ್ರೇಗಸ್ ಅನ್ನುತ್ತಾರೆ. ಕ್ಲಿಪ್ ಹಾಕಲು ಸುಲಭ, ಆದರೆ ಇಲ್ಲಿ ಬೇರೆ ನರಗಳ ಪಾಲೂ ಇದೆ. ಸಿಂಬಾ ಕೊಂಕದಲ್ಲಿ ಎಲೆಕ್ಟ್ರೋಡ್ ಕೂರಲೇ ಇಲ್ಲ ಅಂದರೆ ಮಾತ್ರ ಇದು.

ಇನ್ನು ಓಲೆಯ ಜಾಗ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದ ಒಬ್ಬರು ಅಜ್ಜಿ ಕೇಳಿದ್ದರು, "ತಮಾ, ಓಲೆ ಇದ್ದಲ್ಲೇ ಹಾಕಿದ್ರೆ ಆಗುದಿಲ್ವಾ? ಅಲ್ಲಿ ಮೆತ್ತಗಿರ್ತದೆ, ನೋಯುದಿಲ್ಲ." ಆಗುದಿಲ್ಲ ಅಜ್ಜಿ. ಆ ಹಾಲೆಗೆ ಬರುವುದು ಕುತ್ತಿಗೆಯಿಂದ ಏರಿದ ಬೇರೆ ನರ. ಸಂಶೋಧನೆ ಮಾಡುವವರು "ಇಲ್ಲಿ ಕೊಟ್ಟರೆ ಏನೂ ಆಗಬಾರದು" ಅಂತ ಸುಳ್ಳು ಚಿಕಿತ್ಸೆಗೆ ಆರಿಸಿಕೊಳ್ಳುವ ಜಾಗವೇ ಓಲೆಯ ಹಾಲೆ. ಹೀಗಿದ್ದೂ ಪೆಟ್ಟಿಗೆಯ ಚಿತ್ರದಲ್ಲಿ ಹಾಲೆಗೆ ಕ್ಲಿಪ್ ಹಾಕಿದ್ದನ್ನೇ ತೋರಿಸುವವರಿದ್ದಾರೆ. ಚಿತ್ರ ನಂಬಬೇಡಿ.

ಎಡಗಿವಿಯೇ ಏಕೆ? ಹೃದಯದ ತಾಳ ಹಿಡಿಯುವ ಜಾಗಕ್ಕೆ ಹೆಚ್ಚಾಗಿ ಬಲಗಡೆಯ ವೇಗಸ್ ಹೋಗುತ್ತದೆ. ಜಾಗ್ರತೆಗೆಂದು ಎಡಗಡೆಯ ರೂಢಿ ಬೆಳೆದಿದೆ. ತಲೆನೋವು ಬಲಕ್ಕಿದ್ದರೂ ಕ್ಲಿಪ್ ಎಡಕ್ಕೇ.

ಮರೆಯಬಾರದ ಇನ್ನೊಂದು ವಿಷಯ: ಯಂತ್ರದಿಂದ ಬರುವ ಎರಡೂ ತುದಿ ಒಂದೇ ಕಿವಿಯಲ್ಲಿ ಇರಬೇಕು. ಎಡಗಿವಿಗೊಂದು, ಬಲಗಿವಿಗೊಂದು ಹಾಕಿದರೆ ಕರೆಂಟ್ ತಲೆಯನ್ನು ಅಡ್ಡ ಹಾಯುತ್ತದೆ. ಅದು ಬೇಡ.

## ಹಂತ 5: ಚರ್ಮ ತಯಾರು ಮಾಡಿ

ಓಲೆ, ಬುಗುಡಿ, ಕನ್ನಡಕ, ಮೊಬೈಲ್ ಇಯರ್‌ಫೋನ್ ತೆಗೆದಿಡಿ. ಎಲೆಕ್ಟ್ರೋಡ್‌ಗೆ ಲೋಹ ತಾಗಬಾರದು.

ಆಮೇಲೆ ಎಣ್ಣೆ. ನಮ್ಮ ಕರಾವಳಿಯಲ್ಲಿ ಕೈ ತಪ್ಪುವುದು ಇಲ್ಲಿಯೇ. ಬೆಳಿಗ್ಗೆ ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈ ಕಿವಿಗೂ ಹೋಗಿರುತ್ತದೆ. ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಏನೂ ಗೊತ್ತಾಗುತ್ತಿಲ್ಲ ಅಂತ ನೀವು ಏರಿಸುತ್ತಾ ಹೋಗುತ್ತೀರಿ. ಅಷ್ಟರಲ್ಲಿ ಬೆವರು ಇಳಿದು ಒಂದು ಚುಕ್ಕೆಯಷ್ಟು ಜಾಗ ಒದ್ದೆಯಾಗುತ್ತದೆ. ಎಲ್ಲ ಕರೆಂಟ್ ಅಲ್ಲೇ ನುಗ್ಗಿ ಚುರ್ ಅಂತ ಹೊಡೆಯುತ್ತದೆ. ಆಮೇಲೆ "ಈ ಯಂತ್ರ ಸರಿ ಇಲ್ಲ" ಅನ್ನುತ್ತೀರಿ.

ಸಾಬೂನು ನೀರಲ್ಲಿ ಅದ್ದಿದ ಹತ್ತಿಯಿಂದ ಗುಳಿಯನ್ನು ಒರೆಸಿ. ನಂತರ ಬರೀ ನೀರಿನ ಹತ್ತಿ. ಆಮೇಲೆ ಒಣ ಬಟ್ಟೆ. ಎಲೆಕ್ಟ್ರೋಡಿನ ಮೇಲೆ ಎಳ್ಳಿನ ಕಾಳಿನಷ್ಟು ಜೆಲ್ ಸಾಕು. ಜಾಸ್ತಿ ಹಾಕಿದರೆ ಎರಡೂ ತುದಿಯ ಜೆಲ್ ಒಂದಕ್ಕೊಂದು ಸೇರುತ್ತದೆ. ಆಗ ಕರೆಂಟ್ ಚರ್ಮಕ್ಕೆ ಇಳಿಯದೆ ಮೇಲಿಂದ ಮೇಲೆಯೇ ಹಾದು ಹೋಗುತ್ತದೆ. ಕನ್ನಡಿಯಲ್ಲಿ ನೋಡಿಕೊಂಡು, ಯಂತ್ರ ಆಫ್ ಇರುವಾಗಲೇ ಕ್ಲಿಪ್ ಕೂರಿಸಿ.

## ಹಂತ 6: ಅಂಕಿ ಹೊಂದಿಸಿ

ಜರ್ಮನಿಯ ವೈದ್ಯರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದೀರ್ಘಕಾಲದ ಮೈಗ್ರೇನ್ ಇದ್ದ 46 ಮಂದಿ ಎಡಗಿವಿಯ ಬಟ್ಟಲಿಗೆ ದಿನಕ್ಕೆ 4 ಗಂಟೆ, 12 ವಾರ ಕರೆಂಟ್ ಕೊಟ್ಟುಕೊಂಡರು. ಒಂದು ಗುಂಪಿಗೆ 25 ಹರ್ಟ್ಸ್, ಇನ್ನೊಂದಕ್ಕೆ 1 ಹರ್ಟ್ಸ್. 1 ಹರ್ಟ್ಸ್ ಅಷ್ಟೇನೂ ಕೆಲಸ ಮಾಡಲಿಕ್ಕಿಲ್ಲ, ಹೋಲಿಸಲು ಇರಲಿ ಅಂತ ಇಟ್ಟದ್ದು. ಆದದ್ದು ತಿರುಗಾಮುರುಗ. 28 ದಿನದಲ್ಲಿ ತಲೆನೋವಿನ ದಿನ 1 ಹರ್ಟ್ಸ್ ಗುಂಪಿಗೆ ಸರಾಸರಿ 7 ಕಡಿಮೆಯಾಯಿತು, 25 ಹರ್ಟ್ಸ್ ಗುಂಪಿಗೆ 3.3. ಕರೆಂಟೇ ಕೊಡದ ಗುಂಪು ಅದರಲ್ಲಿ ಇರಲಿಲ್ಲ. ಜನರೂ ಕಡಿಮೆ. ಆದ್ದರಿಂದ ಇದನ್ನು ದೇವರ ಪ್ರಸಾದ ಅಂದುಕೊಳ್ಳಬೇಡಿ. ಆದರೂ ಶುರು ಮಾಡಲು ಇದಕ್ಕಿಂತ ಒಳ್ಳೆಯ ಅಂಕಿ ನನ್ನ ಕೈಯಲ್ಲಿ ಇಲ್ಲ.

- ಹರ್ಟ್ಸ್: 1. ನಿಮ್ಮ ಯಂತ್ರ ಅಷ್ಟು ಇಳಿಯದಿದ್ದರೆ ಅದರ ಅತಿ ಕೆಳಗಿನ ಅಂಕಿ.
- ಪಲ್ಸ್ ಅಗಲ (ಒಂದು ತಟ್ಟಿನ ಹೊತ್ತು): 200ರಿಂದ 250 ಮೈಕ್ರೊಸೆಕೆಂಡ್.
- ಮೋಡ್: ನಾರ್ಮಲ್ ಅಥವಾ ಕಂಟಿನ್ಯುಯಸ್. ಬರ್ಸ್ಟ್, ಮಸಾಜ್, ಮಾಡ್ಯುಲೇಶನ್ ಬೇಡ.
- ಅಲೆ: ಬೈಫೇಸಿಕ್, ಅಂದರೆ ಎರಡೂ ದಿಕ್ಕಿಗೆ ಹರಿಯುವುದು. ಒಂದೇ ದಿಕ್ಕಿಗೆ ಹರಿಯುವ ಕರೆಂಟ್ ಚರ್ಮ ಸುಡುತ್ತದೆ.

## ಹಂತ 7: ಕರೆಂಟ್ ಏರಿಸಿ

ಬೆನ್ನು ಒರಗಿಸಿ ಕೂರಿ. ನಿಲ್ಲಬೇಡಿ, ಅಡುಗೆ ಒಲೆಯ ಮುಂದೆ ಬೇಡ, ಗಾಡಿ ಓಡಿಸುವಾಗ ಅಂತೂ ಬೇಡವೇ ಬೇಡ. ಮೊದಲ ವಾರ ಮನೆಯಲ್ಲಿ ಇನ್ನೊಬ್ಬರು ಇರಲಿ.

ಸೊನ್ನೆಯಿಂದ ಶುರು. ಒಂದು ಮೆಟ್ಟಿಲು ಏರಿಸಿ ಹತ್ತು ಸೆಕೆಂಡ್ ಕಾಯಿರಿ. 1 ಹರ್ಟ್ಸ್‌ನಲ್ಲಿ ಸೆಕೆಂಡಿಗೆ ಒಂದೇ ತಟ್ಟು ಬರುತ್ತದೆ, ಹಾಗಾಗಿ ಅವಸರ ಮಾಡಿದವರಿಗೆ ಏರಿದ್ದೇ ತಿಳಿಯುವುದಿಲ್ಲ. ಇರುವೆ ಹರಿದಂತೆ, ಯಾರೋ ಗರಿಯಿಂದ ತಟ್ಟಿದಂತೆ ಅನ್ನಿಸಿದರೆ ಅದು ಮೊದಲ ಗುರುತು. ಇನ್ನೂ ಸ್ವಲ್ಪ ಏರಿಸಿ. ಚುಚ್ಚಿದಂತೆ ಆದರೆ ಅದು ಎರಡನೆಯ ಗುರುತು. ಅಲ್ಲಿಂದ ಇಳಿಸಿ, ಎರಡರ ನಡುವೆ ನಿಲ್ಲಿಸಿ. ತಟ್ಟುವುದು ಗೊತ್ತಾಗಬೇಕು, ನೋಯಬಾರದು.

ನೋವು ಕೊಟ್ಟರೆ ಜಾಸ್ತಿ ಗುಣ ಅನ್ನುವುದು ಶುದ್ಧ ತಪ್ಪು. ನೋವಾದರೆ ಮೈ ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನಮಗೆ ಬೇಕಾದ್ದು ಅದರ ಉಲ್ಟಾ. ನಾನೂ ಮೈಗ್ರೇನ್ ಇರುವವನೇ. ಶುರುವಿನಲ್ಲಿ ಹಟಕ್ಕೆ ಬಿದ್ದು ಏರಿಸಿ, ಕಿವಿಯಲ್ಲಿ ಕೆಂಪು ಬೊಕ್ಕೆ ಎಬ್ಬಿಸಿಕೊಂಡು ಎಂಟು ದಿನ ಸುಮ್ಮನೆ ಕೂತಿದ್ದೆ.

ಅರ್ಧ ಗಂಟೆ ಕಳೆದ ಮೇಲೆ ತಟ್ಟುವುದು ಗೊತ್ತಾಗದೆ ಹೋಗಬಹುದು. ಚರ್ಮಕ್ಕೆ ಅಭ್ಯಾಸವಾಗಿರುತ್ತದೆ, ಅಥವಾ ಜೆಲ್ ಒಣಗಿರುತ್ತದೆ. ಮೊದಲು ಜೆಲ್ ನೋಡಿ. ಹೊಸ ಜೆಲ್ ಹಾಕುವ ಮೊದಲು ಕರೆಂಟನ್ನು ಸೊನ್ನೆಗೆ ತನ್ನಿ. ಹಾಗೇ ಬಿಟ್ಟು ಕ್ಲಿಪ್ ಎತ್ತಿ ಇಟ್ಟರೆ ಹೊಡೆತ ಖಂಡಿತ.

ಕರೆಂಟ್ ನಡೆಯುವಾಗ ಉಸಿರು ನಿಧಾನ ಮಾಡಿ. ನಿಮಿಷಕ್ಕೆ ಆರು ಉಸಿರು. ಒಳಗೆ ತೆಗೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಉಸಿರು ಬಿಡುವಾಗ ವೇಗಸ್ ಹೃದಯವನ್ನು ನಿಧಾನ ಮಾಡುತ್ತದೆ, ಇದಕ್ಕೆ ಯಂತ್ರ ಬೇಕಿಲ್ಲ. ಹತ್ತು ನಿಮಿಷ ಹೀಗೆ ಮಾಡಿ ಆಮೇಲೆ ಸಹಜ ಉಸಿರಿಗೆ ಬನ್ನಿ.

## ಹಂತ 8: ಎಷ್ಟು ಹೊತ್ತು, ಎಷ್ಟು ದಿನ

ಮೊದಲ ಮೂರು ದಿನ 15 ನಿಮಿಷ. ಮುಗಿದ ಮೇಲೆ ನಾಡಿ ಎಣಿಸಿ, ಕಿವಿ ನೋಡಿ. ತೊಂದರೆ ಇಲ್ಲದಿದ್ದರೆ 30 ನಿಮಿಷ, ಆಮೇಲೆ ಒಂದು ಗಂಟೆ. ಪ್ರಯೋಗದ 4 ಗಂಟೆಯನ್ನು ಒಂದೇ ಸಲ ಕೊಡಬೇಕೆಂದಿಲ್ಲ. ಬೆಳಿಗ್ಗೆ ಎರಡು, ಸಂಜೆ ಎರಡು ಅಂತ ಹಂಚಬಹುದು. ಮೀನು ಪೇಟೆಗೆ, ತೋಟಕ್ಕೆ ಹೋಗುವವರಿಗೆ ಅಷ್ಟು ಹೊತ್ತು ಕೂರುವುದು ಆಗದ ಮಾತು, ಗೊತ್ತು. ದಿನಕ್ಕೆ ಒಂದೆರಡು ಗಂಟೆಯನ್ನು ತಪ್ಪದೆ ಮಾಡುವುದು, ವಾರಕ್ಕೊಮ್ಮೆ ಐದು ಗಂಟೆ ಕೂರುವುದಕ್ಕಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ.

12 ವಾರ ಕೊಡಿ. ಇದು ನೋವು ಬಂದಾಗ ನುಂಗುವ ಮಾತ್ರೆಯಂತಲ್ಲ, ನೋವಿನ ದಿನಗಳನ್ನೇ ಕಡಿಮೆ ಮಾಡಲು ಮಾಡುವ ಕೆಲಸ. ನೋವು ಏರಿದಾಗ ಮಾತ್ರ ಕ್ಲಿಪ್ ಹುಡುಕುವವರು ಸೋಲುತ್ತಾರೆ. ಈಗ ತೆಗೆದುಕೊಳ್ಳುತ್ತಿರುವ ಔಷಧವನ್ನು ನೀವಾಗಿ ನಿಲ್ಲಿಸಲೂಬೇಡಿ.

## ಹಂತ 9: ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ

ಕ್ಲಿಪ್ ಹಾಕುವ ಮೊದಲೇ 28 ದಿನ ಬರೀ ಲೆಕ್ಕ ಇಡಿ. ನೋವಿನ ದಿನಕ್ಕೆ ಒಂದು ಗೆರೆ, ಮಾತ್ರೆ ನುಂಗಿದರೆ ಒಂದು ಚುಕ್ಕೆ. ಪಕ್ಕದಲ್ಲಿ ಎರಡು ಪದ: ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ್ದು, ಸಂಕಷ್ಟಿಯ ಉಪವಾಸ, ಬಿಸಿಲಲ್ಲಿ ಅಡಿಕೆ ಹರವಿದ್ದು, ಅರಬೈಲ್ ಘಟ್ಟದ ಬಸ್ಸು, ಮುಟ್ಟಿನ ದಿನ. ಕಾರಣ ಇಲ್ಲೇ ಸಿಕ್ಕಿ, ಯಂತ್ರವೇ ಬೇಡವಾದವರನ್ನೂ ಕಂಡಿದ್ದೇನೆ.

12 ವಾರದ ನಂತರ ಕೊನೆಯ 28 ದಿನವನ್ನು ಮೊದಲ 28 ದಿನದ ಪಕ್ಕ ಇಡಿ. ಗೆರೆ ಮೂರರಲ್ಲಿ ಒಂದು ಪಾಲಾದರೂ ಕಡಿಮೆಯಾಗಿದ್ದರೆ ಮುಂದುವರಿಸಿ ಅನ್ನುತ್ತೇನೆ. ಇಲ್ಲವಾದರೆ ನಿಲ್ಲಿಸಿ ಡಾಕ್ಟರ ಹತ್ತಿರ ಬೇರೆ ದಾರಿ ಕೇಳಿ. "ಸ್ವಲ್ಪ ಹಗುರ ಅನ್ನಿಸ್ತದೆ" ಅನ್ನುವುದು ಲೆಕ್ಕಕ್ಕಿಲ್ಲ.

## ತಕ್ಷಣ ನಿಲ್ಲಿಸಬೇಕಾದ ಗುರುತುಗಳು

ಚರ್ಮ ಕೆಂಪಾಗಿ ಒಂದೆರಡು ಗಂಟೆಯಲ್ಲಿ ಮಾಯವಾದರೆ ಹೆದರಬೇಡಿ. ಬೊಕ್ಕೆ ಎದ್ದರೆ, ನೀರು ಒಸರಿದರೆ ಮಾಯುವವರೆಗೆ ಬಿಡಿ. ಸಣ್ಣ ಕೆಮ್ಮು ಬಂದರೆ ಎಲೆಕ್ಟ್ರೋಡ್ ತೂತಿನ ಕಡೆ ಜಾರಿದೆ ಅಂತ, ಸರಿಸಿ ಕೂರಿಸಿ.

ತಲೆ ತಿರುಗುವುದು, ಕಣ್ಣು ಕತ್ತಲೆ, ಎದೆಯಲ್ಲಿ ಬಿಗಿತ, ಬಡಿತ ತಪ್ಪಿದಂತೆ ಆಗುವುದು, ಬೆವರಿ ವಾಂತಿ ಬರುವುದು: ಇವುಗಳಲ್ಲಿ ಒಂದು ಬಂದರೂ ಯಂತ್ರ ಆಫ್ ಮಾಡಿ, ಮಲಗಿ ಕಾಲು ಎತ್ತರಕ್ಕಿಡಿ, ನಾಡಿ ಎಣಿಸಿ. ಹತ್ತು ನಿಮಿಷದಲ್ಲಿ ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ. ಎದೆ ನೋವಾದರೆ ಹತ್ತು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

## ಮಾಡಬಾರದ ಒಂದು ಪ್ರಯೋಗ

ಕುತ್ತಿಗೆಯ ಬದಿಗೆ ಒತ್ತಿ ವೇಗಸ್ ನರಕ್ಕೆ ಕರೆಂಟ್ ಕೊಡುವ ಬೇರೆ ಯಂತ್ರ ಇದೆ. ತಲೆನೋವಿಗೆ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೂ ಇದೆ. ಅದನ್ನು ನೋಡಿ ಸೊಂಟದ ಟೆನ್ಸ್ ಪ್ಯಾಡನ್ನು ಕುತ್ತಿಗೆಗೆ ಅಂಟಿಸಿಕೊಂಡವರಿದ್ದಾರೆ. ದಯವಿಟ್ಟು ಬೇಡ. ಕುತ್ತಿಗೆಯ ಮುಂಭಾಗದಲ್ಲಿ ಗಂಟಲಿನ ಸ್ನಾಯು ಸೆಟೆಯಬಹುದು, ಬಿಪಿ ಹಠಾತ್ತಾಗಿ ಇಳಿಯಬಹುದು.

ಬೆರಳಿಂದ ಕಿವಿಯ ಗುಳಿ ಉಜ್ಜುವುದರಿಂದ ಆಗುತ್ತದೆಯೇ ಅಂತಲೂ ಕೇಳುತ್ತಾರೆ. ಉಜ್ಜಿದರೆ ಹಾನಿ ಇಲ್ಲ, ಹಿತವೂ ಅನ್ನಿಸುತ್ತದೆ. ಮೈಗ್ರೇನ್ ದಿನಗಳು ಅದರಿಂದ ಇಳಿಯುತ್ತವೆ ಅಂತ ಭರವಸೆ ನಾನು ಕೊಡಲಾರೆ. ಯಂತ್ರ ಬಳಸಬಾರದವರು ನಿಧಾನ ಉಸಿರನ್ನಷ್ಟೇ ಮಾಡಿ.

## ಯಂತ್ರದ ಆರೈಕೆ

ಕಾರವಾರದಿಂದ ಭಟ್ಕಳದವರೆಗೆ ಗಾಳಿಯಲ್ಲೇ ಉಪ್ಪು. ಒಂದು ಮಳೆಗಾಲ ಮುಗಿಯುವುದರೊಳಗೆ ಕ್ಲಿಪ್ಪಿನ ಲೋಹ ಕಪ್ಪಾಗುತ್ತದೆ, ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಕಡೆ ಕರೆಂಟ್ ಒಂದೇ ಸಮ ಹರಿಯುವುದಿಲ್ಲ, ಚರ್ಮಕ್ಕೂ ಕೆಟ್ಟದ್ದು. ಪ್ರತಿ ಸಲ ಮುಗಿದ ಮೇಲೆ ಜೆಲ್ ಒರೆಸಿ, ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪುಡಿಯ ಪೊಟ್ಟಣದ ಜೊತೆ ಇಡಿ. ವಯರು ಕ್ಲಿಪ್ಪಿಗೆ ಸೇರುವಲ್ಲಿ ಬಿರುಕು ಕಂಡರೆ ಟೇಪ್ ಸುತ್ತಬೇಡಿ, ಹೊಸ ಕ್ಲಿಪ್ ತನ್ನಿ. ಮನೆಯ ಇಬ್ಬರು ಬಳಸುವುದಾದರೆ ಯಂತ್ರ ಒಂದೇ ಇರಲಿ, ಕ್ಲಿಪ್ ಮಾತ್ರ ಬೇರೆ ಬೇರೆ.